ಗಿರಾಕಿ ಅಂಗಡಿಗೆ ಮರಳಿ ಬರುವುದು ಯಾವುದಕ್ಕಾಗಿ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಅಜ್ಜನ ಕಾಲದಿಂದ ನಡೆದುಬಂದ ಜವಳಿ ಅಂಗಡಿ. ಕೋವಿಡ್‌ನ ಎರಡು ವರ್ಷಗಳಲ್ಲಿ ನಮ್ಮ ಗಿರಾಕಿಗಳು ಫೋನಿನಲ್ಲೇ ಬಟ್ಟೆ ತರಿಸಿಕೊಳ್ಳುವುದನ್ನು ಕಲಿತರು. ಅಂಗಡಿಗಳ ಕಾಲ ಮುಗಿಯಿತು ಎಂದೇ ತಂದೆಯವರು ನಂಬಿದ್ದರು. ಆದರೆ 2022ರಿಂದ ಜನ ಮತ್ತೆ ಬರತೊಡಗಿದ್ದಾರೆ. ಬರುವ ರೀತಿ ಮಾತ್ರ ಮೊದಲಿನಂತಿಲ್ಲ. ಅಪರೂಪಕ್ಕೆ ಬರುತ್ತಾರೆ, ಬಂದರೆ ಹೆಚ್ಚು ಹೊತ್ತು ಇರುತ್ತಾರೆ, ಫೋನಿನಲ್ಲಿ ಚಿತ್ರ ತೋರಿಸಿ ಇಂಥದ್ದೇ ಇದೆಯೇ ಎಂದು ಕೇಳುತ್ತಾರೆ. ಇವರನ್ನು ಮರಳಿ ಕರೆತಂದದ್ದು ಏನು, ಇದು ಉಳಿಯುವಂಥದ್ದೇ? ಕೈಯಲ್ಲಿರುವ ಅಷ್ಟಿಷ್ಟು ಹಣವನ್ನು ಆನ್‌ಲೈನ್ ಮಳಿಗೆ ತೆರೆಯಲು ಬಳಸಲೇ, ಇರುವ ಅಂಗಡಿಯನ್ನು ಸರಿಪಡಿಸಲು ಬಳಸಲೇ?

ಉತ್ತರ: ನಿಮ್ಮ ಗಮನಿಕೆಯಲ್ಲೇ ಉತ್ತರದ ಅರ್ಧ ಭಾಗವಿದೆ. ಗಿರಾಕಿ ಮರಳಿ ಬಂದಿರುವುದು ನಿಜ, ಆದರೆ ಅವರು ಬಿಟ್ಟುಹೋದ ಅಂಗಡಿಗೇ ಮರಳಿಲ್ಲ. ಸಾಂಕ್ರಾಮಿಕಕ್ಕೆ ಮುಂಚೆ ಅಂಗಡಿಯು ಮಾರುಕಟ್ಟೆಯಲ್ಲಿ ಏನೇನು ಬಂದಿದೆಯೆಂದು ತೋರಿಸುತ್ತಿತ್ತು, ಅದರಲ್ಲಿ ಯಾವುದು ತಮಗೆ ತಕ್ಕದ್ದೆಂದು ತೀರ್ಮಾನಿಸಲು ಜಾಗವಾಗಿತ್ತು, ಕೊನೆಗೆ ಸರಕನ್ನು ಕೈಗೆ ಕೊಡುತ್ತಿತ್ತು. ಇವುಗಳಲ್ಲಿ ತೋರಿಸುವ ಕೆಲಸವನ್ನು ಫೋನು ನಿಮಗಿಂತ ಚೆನ್ನಾಗಿ ಮಾಡುತ್ತದೆ. ತಲುಪಿಸುವ ಕೆಲಸವನ್ನೂ ಬಹುಮಟ್ಟಿಗೆ ಮಾಡುತ್ತದೆ. ಅದರಿಂದ ಆಗದೆ ಉಳಿದಿರುವುದು ನಡುವಿನ ಕೆಲಸ, ಅಂದರೆ ಅನುಮಾನವನ್ನು ತೀರಿಸಿ ಒಂದು ನಿರ್ಧಾರಕ್ಕೆ ತರುವುದು. ಇಂದು ನಿಮ್ಮ ಗಿರಾಕಿ ಮೆಟ್ಟಿಲು ಹತ್ತುವುದು ಅದಕ್ಕಾಗಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹಣವನ್ನು ಎಲ್ಲಿ ಹಾಕಬೇಕೆಂಬುದೂ ಇದರಿಂದಲೇ ಹೊರಡುತ್ತದೆ.

ಮೊದಲಿಗೆ, ಇದು ದಾವಣಗೆರೆಯೊಂದರ ಕಥೆಯಲ್ಲ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಚಿಲ್ಲರೆ ಮಾರಾಟದ ಐದರಲ್ಲಿ ಒಂದು ಪಾಲು 2020ರ ಆರಂಭಕ್ಕೇ ಅಂತರ್ಜಾಲದಲ್ಲಿ ನಡೆಯುತ್ತಿತ್ತು. 2021ರ ಜನವರಿಯಲ್ಲಿ, ಅಂಗಡಿಗಳೆಲ್ಲ ಮುಚ್ಚಿದ್ದ ತಿಂಗಳಲ್ಲಿ, ಆ ಪಾಲು ಶೇಕಡಾ 37ರ ಆಸುಪಾಸಿಗೆ ಏರಿತು; ಮುಂದಿನ ಎರಡು ವರ್ಷಗಳಲ್ಲಿ ಇಳಿದು ಕಾಲು ಭಾಗಕ್ಕಿಂತ ತುಸು ಮೇಲೆ ನಿಂತಿತು. ಅಮೆರಿಕದಲ್ಲಿ 2020ರ ಎರಡನೆಯ ತ್ರೈಮಾಸಿಕದಲ್ಲಿ ಶೇಕಡಾ 16 ದಾಟಿದ್ದ ಆನ್‌ಲೈನ್ ಪಾಲು, ಅಂಗಡಿಗಳು ತೆರೆದ ಮೇಲೆ ಇಳಿದು, ಬಳಿಕ ಹಳೆಯ ನಿಧಾನ ಗತಿಯಲ್ಲಿ ಮತ್ತೆ ಏರತೊಡಗಿತು. ಆನ್‌ಲೈನ್ ಮಳಿಗೆಗಳಿಗೆ ತಂತ್ರಾಂಶ ಒದಗಿಸುವ ಶಾಪಿಫೈ ಕಂಪನಿಯು 2022ರ ಜುಲೈನಲ್ಲಿ ತನ್ನ ಸಿಬ್ಬಂದಿಯಲ್ಲಿ ಹತ್ತರಲ್ಲಿ ಒಂದು ಭಾಗವನ್ನು ಕೈಬಿಟ್ಟಾಗ, ಆನ್‌ಲೈನ್ ವ್ಯಾಪಾರ ಐದು ಹತ್ತು ವರ್ಷ ಮುಂದಕ್ಕೆ ಜಿಗಿದೇಬಿಟ್ಟಿತೆಂಬ ತಮ್ಮ ಲೆಕ್ಕ ತಪ್ಪಿತೆಂದು ಅದರ ಮುಖ್ಯಸ್ಥರೇ ಒಪ್ಪಿಕೊಂಡರು. ಹಾಗೆಂದು ಆನ್‌ಲೈನ್ ಸೋತಿತು ಎಂದು ನೀವು ಓದಿಕೊಳ್ಳಬಾರದು. ಜಿಗಿತ ಇಳಿಯಿತು, ಬೆಳವಣಿಗೆ ನಿಲ್ಲಲಿಲ್ಲ. ಭಾರತದಲ್ಲಿ, ಹೆಚ್ಚಿನ ಅಂದಾಜುಗಳ ಪ್ರಕಾರ, ಚಿಲ್ಲರೆ ವ್ಯಾಪಾರದ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ಇಂದಿಗೂ ಅಂಗಡಿಗಳಲ್ಲೇ ನಡೆಯುತ್ತದೆ. ಉಳಿದ ಸಣ್ಣ ಪಾಲು ವರ್ಷವರ್ಷವೂ ದೊಡ್ಡದಾಗುತ್ತಿದೆ.

ನಿಮ್ಮ ವ್ಯಾಪಾರಕ್ಕೆ ಬಿದ್ದ ಪೆಟ್ಟು ಸಾಮಾನ್ಯದ್ದಲ್ಲ ಎಂಬುದನ್ನೂ ನೆನಪಿಡಬೇಕು. ದೇಶಕ್ಕೆ ಬೀಗ ಬಿದ್ದ ಮೊದಲ ದಿನವಾದ 2020ರ ಮಾರ್ಚ್ 25 ಯುಗಾದಿಯ ದಿನವೇ ಆಗಿತ್ತು. ಆ ವರ್ಷದ ಅಕ್ಷಯ ತೃತೀಯ ಏಪ್ರಿಲ್ 26ರಂದು, ಮರುವರ್ಷದ್ದು ಮೇ 14ರಂದು ಬಂದವು. ಎರಡು ಸಲವೂ ಅಂಗಡಿಯ ಬಾಗಿಲು ಹಾಕಿತ್ತು. ವೈಶಾಖದ ಎರಡು ಮದುವೆ ಕಾಲಗಳು ಹೀಗೆ ಪೂರ್ತಿಯಾಗಿ ಹೋದವು. ನಡೆದ ಮದುವೆಗಳೂ ಐವತ್ತು ಜನರ ಮಿತಿಯಲ್ಲಿ ನಡೆದಾಗ, ಬಂಧುಗಳಿಗೆಲ್ಲ ಕೊಡುವ ಉಡುಗೊರೆ ಬಟ್ಟೆಯ ವ್ಯಾಪಾರ ಎಲ್ಲಿಂದ ಬರಬೇಕು? ಆದ್ದರಿಂದ 2022ರಲ್ಲಿ ನೀವು ಕಂಡ ನೂಕುನುಗ್ಗಲಿನಲ್ಲಿ ಒಂದು ಭಾಗ ಮುಂದೂಡಿದ್ದ ಮದುವೆಗಳದ್ದು, ಮುಂದೂಡಿದ್ದ ಆಸೆಗಳದ್ದು. ಮನೆಯೊಳಗೆ ಕೂಡಿಹಾಕಿದಂತಿದ್ದ ಜನರಿಗೆ ಪೇಟೆಗೆ ಹೋಗುವುದೇ ಒಂದು ಸಂಭ್ರಮವಾಗಿತ್ತು. ಆ ಸಂಭ್ರಮವನ್ನು ನಾನು ಕಡೆಗಣಿಸುವುದಿಲ್ಲ, ಆದರೆ ಅದರ ಮೇಲೆ ಮುಂದಿನ ಹತ್ತು ವರ್ಷದ ಲೆಕ್ಕ ಹಾಕಬೇಡಿ. ಅದು ತಾನಾಗಿಯೇ ಬಂತು, ಬಹುಪಾಲು ಕರಗಿಯೂ ಹೋಗಿದೆ. ಕರಗಿದ ಮೇಲೂ ಬರುತ್ತಿರುವವರು ಏಕೆ ಬರುತ್ತಿದ್ದಾರೆ ಎಂಬುದೇ ಮುಖ್ಯವಾದ ಪ್ರಶ್ನೆ.

ಮೊದಲ ಕಾರಣ ಕೈ. ಬಟ್ಟೆಯನ್ನು ಕಣ್ಣಿನಿಂದ ಆರಿಸಿದರೂ ಒಪ್ಪುವುದು ಬೆರಳಿನಿಂದ. ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1970ರಲ್ಲಿಯೇ ಸರಕಿನ ಗುಣಗಳಲ್ಲಿ ಎರಡು ಬಗೆಯನ್ನು ಗುರುತಿಸಿದ್ದರು: ಕೊಳ್ಳುವ ಮುಂಚೆಯೇ ಪರಿಶೀಲಿಸಿ ತಿಳಿಯಬಹುದಾದವು, ಬಳಸಿದ ಮೇಲಷ್ಟೇ ತಿಳಿಯುವವು. ಸೀರೆಯ ವಿಷಯದಲ್ಲಿ ಪರದೆಯ ಮೇಲೆ ತಿಳಿಯುವುದು ಬಹಳ ಕಡಿಮೆ. ರೇಷ್ಮೆಯಲ್ಲಿ ಉದ್ದದ ಎಳೆಗಳಾದ ಹಾಸಿನಲ್ಲಿ ಒಂದು ಬಣ್ಣದ, ಅಡ್ಡ ಎಳೆಗಳಾದ ಹೊಕ್ಕಿನಲ್ಲಿ ಇನ್ನೊಂದು ಬಣ್ಣದ ನೂಲನ್ನು ಬಳಸಿ ನೇಯ್ದಾಗ, ಮಡಿಕೆ ಅಲುಗಿದಂತೆಲ್ಲ ಬಣ್ಣ ಹೊರಳುತ್ತದೆ. ನಿಂತ ಚಿತ್ರ ಅದರಲ್ಲಿ ಒಂದನ್ನು ಮಾತ್ರ ಹಿಡಿಯುತ್ತದೆ. ಒಂದು ದೀಪದ ಕೆಳಗೆ ಒಂದೇ ಎನಿಸಿದ ಸೀರೆ ಮತ್ತು ರವಿಕೆಯ ಬಣ್ಣಗಳು ಹಗಲಿನ ಬೆಳಕಿನಲ್ಲಿ ಬೇರೆಯಾಗಿ ಕಾಣುವುದು ನಿಮಗೆ ಹೊಸದಲ್ಲ. ಸೀರೆಯನ್ನು ಬಾಗಿಲ ಬಳಿ ಬಿಸಿಲಿಗೆ ಹಿಡಿದು ನೋಡುವ ಹಿರಿಯ ಹೆಂಗಸರು ಮಾಡುತ್ತಿದ್ದದ್ದು ಶುದ್ಧ ಪರೀಕ್ಷೆ. ಭಾರ, ಬೀಳು, ಸೆರಗು ಹೆಗಲ ಮೇಲೆ ನಿಲ್ಲುವ ಬಗೆ, ನೆರಿಗೆ ಹಿಡಿದಾಗ ಕುಳಿತುಕೊಳ್ಳುವುದೋ ಉಬ್ಬಿಕೊಳ್ಳುವುದೋ ಎಂಬುದು, ಇವೆಲ್ಲ ಮುಟ್ಟದೆ ತಿಳಿಯುವಂಥವಲ್ಲ.

ಮುಟ್ಟುವುದಕ್ಕೆ ಇನ್ನೊಂದು ಪರಿಣಾಮವೂ ಇದೆ. ಜೋನ್ ಪೆಕ್ ಮತ್ತು ಸುಜಾನ್ ಶು ಎಂಬ ಸಂಶೋಧಕಿಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ವಸ್ತುವನ್ನು ಸುಮ್ಮನೆ ಮುಟ್ಟಿದರೂ ಅದು ತನ್ನದೆಂಬ ಭಾವ ಬೆಳೆಯುತ್ತದೆ. ಆ ಸ್ಪರ್ಶ ಅಹಿತವಾಗಿರದಿದ್ದರೆ ಅದಕ್ಕೆ ಕಟ್ಟುವ ಬೆಲೆಯೂ ಹೆಚ್ಚುತ್ತದೆ. ಸಾಂಕ್ರಾಮಿಕದ ಕಾಲದಲ್ಲಿ ಕಳೆದುಹೋದದ್ದು ಸರಿಯಾಗಿ ಇದೇ. ಅಂಗಡಿಗಳು ತೆರೆದ ಮೇಲೂ ಮುಟ್ಟಬೇಡಿ, ಉಟ್ಟು ನೋಡಬೇಡಿ, ದೂರ ನಿಲ್ಲಿ ಎಂಬ ಫಲಕಗಳಿದ್ದವು. ಅಂಥ ಅಂಗಡಿಗೂ ಪರದೆಗೂ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಮುಟ್ಟುವ ಸ್ವಾತಂತ್ರ್ಯ ಮರಳಿದಾಗ ಗಿರಾಕಿಯೂ ಮರಳಿದರೆ ಆಶ್ಚರ್ಯವಿಲ್ಲ. ಹೀಗಿರುವಾಗ ಇಂದಿಗೂ ಕೆಲವು ಅಂಗಡಿಗಳಲ್ಲಿ ಸೀರೆಗಳನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಹೊರತೆಗೆಯಲು ಹಿಂದೆಮುಂದೆ ನೋಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಮ್ಮಲ್ಲಿ ಮಾತ್ರ ಸಿಗುವ ಒಂದೇ ವಸ್ತುವನ್ನು ನೀವೇ ಮುಚ್ಚಿಟ್ಟಂತೆ ಅದು.

ಎರಡನೆಯ ಕಾರಣ ನಂಬಿಕೆ; ನನ್ನ ಲೆಕ್ಕದಲ್ಲಿ ಇದು ಮೊದಲನೆಯದಕ್ಕಿಂತಲೂ ದೊಡ್ಡದು. ಎರಡು ವರ್ಷ ಫೋನಿನಲ್ಲಿ ಕೊಂಡವರು ಬಹಳಷ್ಟನ್ನು ಕಲಿತರು. ರೇಷ್ಮೆಯೆಂದು ಬರೆದದ್ದು ಪಾಲಿಯೆಸ್ಟರ್ ಆಗಿ ಬಂದದ್ದನ್ನು, ಕೈಮಗ್ಗದ್ದೆಂದು ತೋರಿಸಿದ್ದು ಪವರ್‌ಲೂಮಿನದಾಗಿ ಬಂದದ್ದನ್ನು ಕಂಡರು. ನನ್ನ ಅಕ್ಕ 2021ರಲ್ಲಿ ಹೀಗೆಯೇ ಒಂದು ಇಳಕಲ್ ಸೀರೆಯನ್ನು ತರಿಸಿದ್ದಳು. ನಿಜವಾದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗಳಿಂದ ಕೂಡಿಸಿರುತ್ತಾರೆ. ಆ ಕೂಡುಗೆರೆ ಬೆರಳಿಗೆ ಸಿಗುತ್ತದೆ. ಅವಳಿಗೆ ಬಂದ ಸೀರೆಯಲ್ಲಿ ಅಂಥ ಗೆರೆಯೇ ಇರಲಿಲ್ಲ. ಇಳಕಲ್ಲಿನ ವಿನ್ಯಾಸವನ್ನು ಅಚ್ಚು ಹಾಕಿದ ಬಟ್ಟೆ ಅದು. ಹಣ ಹಿಂದಿರುಗಿತು ನಿಜ, ಆದರೆ ಇದನ್ನು ಯಾರನ್ನು ಕೇಳಲಿ ಎಂಬ ಅವಳ ಮಾತಿಗೆ ಉತ್ತರವಿರಲಿಲ್ಲ. ಅಂಗಡಿಯಲ್ಲಿ ಕೇಳುವುದಕ್ಕೆ ಒಬ್ಬ ಮನುಷ್ಯ ಇರುತ್ತಾನೆ. ನಾಳೆಯೂ ಅದೇ ಗಲ್ಲಾಪೆಟ್ಟಿಗೆಯ ಹಿಂದೆ ಇರುತ್ತಾನೆ. ಗಿರಾಕಿ ಬೆಲೆಯ ಜೊತೆಗೆ ಆ ಹೊಣೆಗಾರಿಕೆಗೂ ಹಣ ಕೊಡುತ್ತಾನೆ.

ಕರ್ನಾಟಕದಲ್ಲೇ ಇದಕ್ಕೆ ಕಣ್ಣೆದುರಿನ ಸಾಕ್ಷಿಯಿದೆ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು. ಇಂದು ಅದನ್ನು ನಡೆಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮಳಿಗೆಗಳ ಮುಂದೆ ಈಚಿನ ವರ್ಷಗಳಲ್ಲಿ ಬೆಳಗಿನ ಜಾವದಿಂದಲೇ ಸರತಿ ನಿಲ್ಲುವುದನ್ನು ನೀವೂ ಸುದ್ದಿಯಲ್ಲಿ ನೋಡಿರಬಹುದು. ಮೈಸೂರು ಸಿಲ್ಕ್ ಎಂಬ ಹೆಸರಿನಲ್ಲಿ ಫೋನಿನಲ್ಲಿ ನೂರಾರು ಸೀರೆಗಳು ಸಿಗುವಾಗ ಜನ ಚಳಿಯಲ್ಲಿ ಸಾಲು ನಿಲ್ಲುವುದು ಏಕೆ? ಬೇಡಿಕೆಗೆ ತಕ್ಕಷ್ಟು ನೇಯಲು ಆಗುತ್ತಿಲ್ಲ ಎಂಬುದು ಒಂದು ಕಾರಣ. ಆದರೆ ಬೇಡಿಕೆ ಅಷ್ಟು ಇರುವುದೇಕೆಂದರೆ, ಅಲ್ಲಿ ಕೊಂಡ ಸೀರೆಯ ರೇಷ್ಮೆ, ಚಿನ್ನ ಬೆಳ್ಳಿಯ ಝರಿಯ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ.

ನಿಮಗೆ ಆ ಹೆಸರಿಲ್ಲದಿರಬಹುದು. ಅನುಮಾನ ತೀರಿಸುವ ಉಪಕರಣಗಳು ನಿಮ್ಮ ಬಳಿಯೂ ಇವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಶುದ್ಧ ರೇಷ್ಮೆಯೆಂದು ಖಾತರಿ ಕೊಡುವ ಸಿಲ್ಕ್ ಮಾರ್ಕ್ ಗುರುತು ಇದೆ, ಕೈಮಗ್ಗದ ಬಟ್ಟೆಗೆ ಅಂಥದ್ದೇ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಅದಕ್ಕಿಂತ ಸರಳವಾದದ್ದು, ಅಂಚಿನಿಂದ ಎಳೆದ ಒಂದು ನೂಲನ್ನು ಗಿರಾಕಿಯ ಎದುರೇ ಸುಟ್ಟು ತೋರಿಸುವುದು. ಶುದ್ಧ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಿಗೆ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಅರೆ ನಿಮಿಷದ ಈ ಪರೀಕ್ಷೆಯನ್ನು ಯಾವ ಆ್ಯಪ್ ಕೂಡ ಮಾಡಿ ತೋರಿಸಲಾರದು. ಹಾಗೆಯೇ, ಪಾಲಿಯೆಸ್ಟರ್ ಸೀರೆಯನ್ನು ಪಾಲಿಯೆಸ್ಟರ್ ಎಂದೇ ಹೇಳಿ ಮಾರಿ. ನಿತ್ಯದ ಉಡುಗೆಗೆ ಅದು ಬೇಕೆನ್ನುವವರು ಬೇಕಾದಷ್ಟು ಜನ ಇದ್ದಾರೆ.

ಮೂರನೆಯದು ಒಟ್ಟಾಗಿ ತೀರ್ಮಾನಿಸುವ ಅಗತ್ಯ. ನಮ್ಮಲ್ಲಿ ಮದುವೆಗೆ ಜವಳಿ ತೆಗೆಯುವುದು ಎಂದರೆ ಒಬ್ಬರ ಖರೀದಿಯಲ್ಲ. ಧಾರೆ ಸೀರೆಯನ್ನು ಹುಡುಗಿ ಒಪ್ಪಬೇಕು, ಅತ್ತೆಯಾಗುವವರಿಗೆ ಹಿಡಿಸಬೇಕು, ಹಣ ಕೊಡುವವರ ಮಿತಿಯಲ್ಲಿರಬೇಕು, ಅಜ್ಜಿಗೆ ಬಣ್ಣ ಶುಭವೆನಿಸಬೇಕು. ಫೋನಿನ ಪರದೆ ಒಬ್ಬರ ಅಂಗೈಯಲ್ಲಿರುತ್ತದೆ. ಹಾಸಿದ ಸೀರೆಯ ಸುತ್ತ ಎಂಟು ಜನ ಕೂರಬಹುದು. ಎರಡು ಮನೆಯವರು ಮೊದಲ ಬಾರಿ ಜೊತೆಯಲ್ಲಿ ಕೂತು ಒಂದು ವಿಷಯದಲ್ಲಿ ಒಮ್ಮತಕ್ಕೆ ಬರುವುದು ಅನೇಕ ಸಲ ಜವಳಿ ಅಂಗಡಿಯ ಗಾದಿಯ ಮೇಲೆಯೇ. ಆಗ ಸೀರೆ ತೋರಿಸುವ ನಿಮ್ಮ ಕೆಲಸಗಾರ ಮಧ್ಯಸ್ಥಗಾರನೂ ಹೌದು. ಯಾರ ಕಣ್ಣು ಯಾವ ಸೀರೆಯ ಮೇಲೆ ಎರಡನೆಯ ಸಲ ಹೋಯಿತು ಎಂಬುದನ್ನು ಗಮನಿಸಿ, ಮೂವತ್ತನ್ನು ಪಕ್ಕಕ್ಕೆ ಸರಿಸಿ ಮೂರನ್ನು ಮುಂದಿಡುವ ಜಾಣ್ಮೆ ಅವನದ್ದು. ಫೋನಿನಲ್ಲಿ ಸಾವಿರ ಸೀರೆ ನೋಡಿ ದಣಿದು ಬಂದವರಿಗೆ ಇನ್ನೂ ನೂರು ತೋರಿಸುವುದು ಸೇವೆಯಲ್ಲ. ಆಯ್ಕೆಯನ್ನು ಕಿರಿದು ಮಾಡಿಕೊಡುವುದೇ ಸೇವೆ.

ಬೆಲೆಯ ಕಾರಣವೂ ಒಂದಿದೆ, ಅದನ್ನು ಹಲವರು ತಿರುಗಾಮುರುಗಾ ಅರ್ಥ ಮಾಡಿಕೊಳ್ಳುತ್ತಾರೆ. ಆನ್‌ಲೈನ್ ಯಾವಾಗಲೂ ಅಗ್ಗ ಎಂಬುದು ನಿಜವಲ್ಲ. ಅಗ್ಗದ ಬಟ್ಟೆಯನ್ನು ಒಂದೊಂದಾಗಿ ಮನೆಗೆ ತಲುಪಿಸಿ, ಅಳತೆ ಸರಿಯಿಲ್ಲವೆಂದು ವಾಪಸು ಬಂದದ್ದನ್ನು ಮತ್ತೆ ಸಾಗಿಸಿ, ಇಸ್ತ್ರಿ ಮಾಡಿ ಇಡುವ ವೆಚ್ಚವು ಬಟ್ಟೆಯ ಲಾಭವನ್ನೇ ತಿಂದುಹಾಕುತ್ತದೆ. ಟಾಟಾ ಸಮೂಹದ ಟ್ರೆಂಟ್ ಕಂಪನಿಯ ಜುಡಿಯೊ ಮಳಿಗೆಗಳನ್ನು ನೋಡಿ: ಬಹುಪಾಲು ಉಡುಪುಗಳು 1,000 ರೂಪಾಯಿಯೊಳಗೆ, ಆನ್‌ಲೈನ್ ಮಾರಾಟವೇ ಇಲ್ಲ. ಆದರೂ 2024ರ ಮಾರ್ಚ್ ವೇಳೆಗೆ 500 ದಾಟಿದ್ದ ಮಳಿಗೆಗಳ ಸಂಖ್ಯೆ ಒಂದೇ ವರ್ಷದಲ್ಲಿ 750ನ್ನು ಮೀರಿತು. ಇನ್ನೊಂದು ಕಡೆಯಿಂದ, 2010ರಲ್ಲಿ ಆನ್‌ಲೈನ್‌ನಲ್ಲೇ ಶುರುವಾದ ಕನ್ನಡಕದ ಕಂಪನಿ ಲೆನ್ಸ್‌ಕಾರ್ಟ್ ಇಂದು ಸಾವಿರಾರು ಮಳಿಗೆಗಳನ್ನು ನಡೆಸುತ್ತಿದೆ; ಸೌಂದರ್ಯ ಸಾಮಗ್ರಿಯ ನೈಕಾ ಕೂಡ ಪೇಟೆಗೆ ಬಂದಿದೆ. ಕನ್ನಡಕ ಮೂಗಿನ ಮೇಲೆ ಕೂರಬೇಕು, ತುಟಿಯ ಬಣ್ಣ ಚರ್ಮಕ್ಕೆ ಹೊಂದಬೇಕು. ಫೋನಿನಿಂದ ಬೆಳೆದ ಕಂಪನಿಗಳೇ ಗಿರಾಕಿಯ ಎದುರು ನಿಲ್ಲಲು ಬಾಡಿಗೆ ಕಟ್ಟುತ್ತಿವೆ.

ಮರಳಿ ಬಾರದವುಗಳನ್ನೂ ಹೇಳಿಬಿಡುತ್ತೇನೆ. ಅಳತೆ ಗೊತ್ತಿರುವ ಒಳ ಉಡುಪು, ಟವೆಲ್ಲು, ಮಕ್ಕಳ ನಿತ್ಯದ ಬಟ್ಟೆ, ಬ್ರ್ಯಾಂಡಿನ ಹೆಸರಿನಿಂದಲೇ ಮಾರಾಟವಾಗುವ ಅಂಗಿ, ಇವುಗಳಲ್ಲಿ ತೀರಿಸಬೇಕಾದ ಅನುಮಾನವೇ ಇಲ್ಲ. ಅವುಗಳ ಅಟ್ಟಣಿಗೆಯನ್ನು ಕಿರಿದು ಮಾಡಿ, ಆ ಜಾಗವನ್ನು ಜನ ಕೂರುವುದಕ್ಕೆ ಬಿಟ್ಟುಕೊಡಿ.

ಇನ್ನು ನಿಮ್ಮ ಹಣದ ವಿಷಯ. ಸ್ವಂತ ಆನ್‌ಲೈನ್ ಮಳಿಗೆ ಕಟ್ಟುವುದನ್ನು ನಾನು ಸಲಹೆ ಮಾಡುವುದಿಲ್ಲ. ದೇಶವ್ಯಾಪಿ ಕಂಪನಿಗಳ ಜೊತೆ ಸಾಗಣೆಯಲ್ಲೂ ರಿಯಾಯಿತಿಯಲ್ಲೂ ಪೈಪೋಟಿ ಮಾಡಲು ಒಂದು ಊರಿನ ಅಂಗಡಿಗೆ ಆಗದು. ಅದರ ಬದಲು ಫೋನನ್ನು ನಿಮ್ಮ ಬಾಗಿಲಾಗಿ ಮಾಡಿಕೊಳ್ಳಿ. ಅಂಗಡಿಯಲ್ಲಿ ನಿಜವಾಗಿ ಇರುವ ಸೀರೆಯನ್ನು ಹಗಲು ಬೆಳಕಿನಲ್ಲಿ ತೆಗೆದ ಚಿತ್ರ ಮತ್ತು ಬೆಲೆಯೊಡನೆ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ, ಮಾರಾಟವಾದ ಕೂಡಲೇ ತೆಗೆದುಬಿಡಿ. ಬೆಲೆ ಬರೆದರೆ ಪಕ್ಕದವರಿಗೆ ತಿಳಿಯುತ್ತದೆ ಎಂದು ಅಂಜಬೇಡಿ. ಬರೆಯದಿದ್ದರೆ ಗಿರಾಕಿಗೆ ತಿಳಿಯುವುದಿಲ್ಲ, ಅದು ಹೆಚ್ಚಿನ ನಷ್ಟ. ಚಿತ್ರ ತೋರಿಸಿ ಇಂಥದ್ದಿದೆಯೇ ಎಂದು ಕೇಳುವವರ ಬಗ್ಗೆ ಬೇಸರವನ್ನೂ ಬಿಡಿ. ಅವರು ಅರ್ಧ ದಾರಿ ತಾವೇ ನಡೆದು ಬಂದವರು.

ಹಣದ ದೊಡ್ಡ ಪಾಲು ಕೆಲಸಗಾರರಿಗೆ ಹೋಗಲಿ. 2020 ಮತ್ತು 2021ರಲ್ಲಿ ಅನೇಕ ಅಂಗಡಿಗಳ ಅನುಭವಿ ಕೆಲಸಗಾರರು ಬೇರೆ ದುಡಿಮೆ ಹುಡುಕಿಕೊಂಡು ಹೋದರು, ಹಲವರು ಹಿಂದಿರುಗಲಿಲ್ಲ. ಹೊಸಬರಿಗೆ ನೂಲು, ನೇಯ್ಗೆ, ಸೀರೆ ನೇಯುವ ಊರುಗಳ ಹೆಸರು ಕಲಿಸದೆ ನಿಲ್ಲಿಸಿದರೆ ಅವರು ಕಪಾಟು ತೆಗೆಯುವವರಷ್ಟೇ ಆಗುತ್ತಾರೆ. ಅವರು ಕೂರಲು ಆಸನವನ್ನೂ ಕೊಡಿ. ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವ ಹೆಂಗಸರ ಹೋರಾಟದಿಂದ ಕೇರಳವು 2018ರಲ್ಲಿ, ಬಳಿಕ ತಮಿಳುನಾಡು 2021ರಲ್ಲಿ, ಕೆಲಸಗಾರರಿಗೆ ಆಸನ ಒದಗಿಸಲೇಬೇಕೆಂದು ಕಾನೂನು ಮಾಡಿದವು. ಸಂಜೆ ಏಳಕ್ಕೆ ಕಾಲು ನೋಯುತ್ತಿರುವ ಹುಡುಗಿ ಹತ್ತನೆಯ ಸೀರೆಯನ್ನು ಮನಸ್ಸಿಟ್ಟು ಬಿಚ್ಚಿ ತೋರಿಸಲು ಹೇಗೆ ಸಾಧ್ಯ?

ನವೀಕರಣವೆಂದರೆ ಗಾಜು, ಅಮೃತಶಿಲೆ, ಬಣ್ಣದ ದೀಪ ಎಂದು ತಿಳಿಯಬೇಡಿ. ಹಗಲು ಬೆಳಕಿಗೆ ಹತ್ತಿರವಾದ ದೀಪಗಳು, ಬಾಗಿಲ ಬಳಿ ನಿಲುವುಗನ್ನಡಿ, ಹಿರಿಯರಿಗೆ ಬೆನ್ನು ಆನಿಸುವ ಕುರ್ಚಿ, ಕುಡಿಯುವ ನೀರು, ಹೆಂಗಸರಿಗೆ ಶುಚಿಯಾದ ಶೌಚಾಲಯ. ಈ ಕಡೆಯದನ್ನು ಒತ್ತಿ ಹೇಳುತ್ತೇನೆ. ಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದ ಕುಟುಂಬ ಜವಳಿ ತೆಗೆಯಲು ನಾಲ್ಕು ಗಂಟೆ ಕೂರುತ್ತದೆ. ಶೌಚಾಲಯವಿಲ್ಲದ ಅಂಗಡಿಯಲ್ಲಿ ಹೆಂಗಸರು ಅವಸರದಲ್ಲಿ ಆರಿಸುತ್ತಾರೆ, ಇಲ್ಲವೇ ನಡುವೆಯೇ ಎದ್ದು ಹೋಗುತ್ತಾರೆ.

ಆಮೇಲೆ, ನಿಮ್ಮ ಗಲ್ಲಾಪೆಟ್ಟಿಗೆಯ ಮೇಲೆ ‘ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ’ ಎಂಬ ಫಲಕವಿದ್ದರೆ ಇಂದೇ ಇಳಿಸಿ. ಸಾಂಕ್ರಾಮಿಕದ ಎರಡು ವರ್ಷಗಳಲ್ಲಿ ಆನ್‌ಲೈನ್ ಕಂಪನಿಗಳು ಗಿರಾಕಿಗೆ ಕಲಿಸಿದ ಅತಿ ದೊಡ್ಡ ಪಾಠ, ಹಿಡಿಸದಿದ್ದರೆ ವಾಪಸು ಕೊಡಬಹುದು ಎಂಬುದು. ಆ ಫಲಕವನ್ನು ನೋಡಿದಾಗ ಅವರಿಗೆ ಫೋನು ನೆನಪಾಗುತ್ತದೆ. ಕಾನೂನೂ ನಿಮ್ಮ ಕಡೆಗಿಲ್ಲ: 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರವೆಂದು ಕರೆಯುತ್ತದೆ. ದೋಷವಿಲ್ಲದಿದ್ದರೂ, ಮಡಿಕೆ ಕೆಡದ ಸೀರೆಯನ್ನು ಒಂದು ವಾರದೊಳಗೆ ಬದಲಿಸಿಕೊಡುವ ಮಾತನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಬದಲಿಸಲು ಬಂದವರು ಬರಿಗೈಯಲ್ಲಿ ಹೋಗುವುದು ಅಪರೂಪ ಎಂಬುದನ್ನು ನೀವೇ ಕಾಣುವಿರಿ.

ಇನ್ನೊಂದು ಸಣ್ಣ ಹೂಡಿಕೆಗೆ ಫಲ ಬೇಗ ಸಿಗುತ್ತದೆ. ಫಾಲ್ ಹೊಲಿಯುವವರು, ಕುಚ್ಚು ಕಟ್ಟುವವರು, ರವಿಕೆ ಹೊಲಿಯುವವರು ನಿಮ್ಮ ಬೀದಿಯಲ್ಲೇ ಇದ್ದಾರೆ. ಅವರೊಡನೆ ಒಪ್ಪಂದ ಮಾಡಿಕೊಂಡು, ಸೀರೆಯನ್ನು ಉಡಲು ಸಿದ್ಧವಾದ ಸ್ಥಿತಿಯಲ್ಲಿ ನಿಗದಿತ ದಿನ ಕೊಡುವುದಾಗಿ ಹೇಳಿ. ಪೆಟ್ಟಿಗೆಯಲ್ಲಿ ಬಂದ ಸೀರೆಯನ್ನು ಹಿಡಿದು ಮೂರು ಅಂಗಡಿ ಅಲೆಯುವ ಕಷ್ಟ ಎಲ್ಲರಿಗೂ ಗೊತ್ತಿದೆ.

ಖರ್ಚು ಮಾಡುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಮದುವೆ ಕಾಲದ ಒಂದು ತಿಂಗಳು, ಏನನ್ನೂ ಕೊಳ್ಳದೆ ಎದ್ದುಹೋದ ಪ್ರತಿಯೊಬ್ಬರ ಬಗ್ಗೆಯೂ ಒಂದು ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆಸಿ: ಬಣ್ಣ ಇರಲಿಲ್ಲವೇ, ಬೆಲೆ ಹೆಚ್ಚಾಯಿತೇ, ಜೊತೆಗೆ ಬಂದವರು ಒಪ್ಪಲಿಲ್ಲವೇ, ಮಗು ಅಳುತ್ತಿತ್ತೇ, ತೋರಿಸುವವರು ಇರಲಿಲ್ಲವೇ. ಬಂದವರ ಲೆಕ್ಕ ನಿಮ್ಮ ಬಿಲ್ಲಿನಲ್ಲಿದೆ, ಹೋದವರ ಲೆಕ್ಕ ಎಲ್ಲಿಯೂ ಇಲ್ಲ. ತಿಂಗಳ ಕೊನೆಗೆ ತಂದೆಯವರ ಜೊತೆ ಕೂತು ಆ ಪುಟಗಳನ್ನು ಓದಿ. ಹಣವನ್ನು ಮೊದಲು ದೀಪಕ್ಕೆ ಹಾಕಬೇಕೋ, ಕುರ್ಚಿಗೋ, ಇನ್ನಿಬ್ಬರು ಕೆಲಸಗಾರರಿಗೋ ಎಂಬುದನ್ನು ಆ ಪುಟಗಳು ನನಗಿಂತ ಖಚಿತವಾಗಿ ಹೇಳುತ್ತವೆ.